ಹೆಜ್ಜುಂಕ, ಕಿರುಕುಳ ಮತ್ತು ಒಂದು ಟೈಲ್ಸು

"ಕಿರುಕುಳ" ಅಂದ ಕೂಡಲೇ ನಮಗೆ ನೆನಪಾಗುವುದು ಕಾಟ, ಪೀಡೆ. ಆದರೆ ಹಳೆಯ ಶಾಸನಗಳಲ್ಲಿ ಕಿರುಕುಳ ಅಂದರೆ ಒಂದು ಬಗೆಯ ಸುಂಕ! ಸಣ್ಣಪುಟ್ಟ ಬಾಬ್ತುಗಳದ್ದು ಕಿರುಕುಳ, ದೊಡ್ಡದು ಪೆರ್ಜುಂಕ. ಈ ಪೆರ್ಜುಂಕವೇ ಮುಂದೆ ಹೆಜ್ಜುಂಕ ಆಯಿತು. ಇವುಗಳ ಪಕ್ಕದಲ್ಲಿ ವಡ್ಡರಾವುಳ, ಬಿಲ್ಕೊಡೆ ಅಂತ ಇನ್ನೂ ಕೆಲವು. ಇದನ್ನೆಲ್ಲ ನೋಡಿಕೊಳ್ಳಲು ಸುಂಕವೆರ್ಗಡೆ ಎಂಬ ಅಧಿಕಾರಿ ಇರುತ್ತಿದ್ದ.

11ನೇ ಶತಮಾನದಲ್ಲಿ ಒಂದನೇ ಸೋಮೇಶ್ವರನ ಕಾಲಕ್ಕೆ ಕಲ್ಯಾಣ, ಅಂದರೆ ಇವತ್ತಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಯಿತು. ಆ ಕಾಲದ ದಾನಶಾಸನಗಳಲ್ಲಿ ಎಲೆಯ ಹೇರಿಗೆ ಇಷ್ಟು ಎಲೆ, ಎಣ್ಣೆಯ ಗಾಣಕ್ಕೆ ಒಂದು ಸೊಲ್ಲಗೆ ಅಂತೆಲ್ಲ ಬರುತ್ತದೆ. ಅವು ದೇವಸ್ಥಾನಕ್ಕೆ ಬಿಟ್ಟ ದಾನದ ದಾಖಲೆಗಳೇ ಹೊರತು ಸುಂಕದ ಪೂರ್ತಿ ಪಟ್ಟಿಯಲ್ಲ. ಆದರೂ ಒಂದು ವಿಷಯ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವುದನ್ನೇ ಹಿಡಿದು ವಿಂಗಡಿಸುತ್ತಿದ್ದರು. ಎತ್ತಿನ ಹೇರೋ, ಬಂಡಿಯೋ, ತಲೆಹೊರೆಯೋ... ನೋಡಿದರೆ ಮುಗಿಯಿತು, ತಕರಾರಿಗೆ ಜಾಗ ಕಡಿಮೆ.

"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ" ಅಂತ ಗಾದೆ ಇದೆಯಲ್ಲ. ತಮಾಷೆ ನೋಡಿ, 12ನೇ ಶತಮಾನದ ವಚನಕಾರರಲ್ಲಿ ಒಬ್ಬ ಸುಂಕದವನೇ ಇದ್ದಾನೆ, ಸುಂಕದ ಬಂಕಣ್ಣ! ಬಸವಣ್ಣನವರೂ ಬಿಜ್ಜಳನ ಭಂಡಾರದ ಲೆಕ್ಕ ನೋಡಿದವರೇ. ಲೆಕ್ಕಪತ್ರಕ್ಕೂ ಅನುಭಾವಕ್ಕೂ ಜಗಳ ಇರಲೇಬೇಕು ಅಂತೇನಿಲ್ಲ.

ಮುಂದೆ ಬಸವಕಲ್ಯಾಣ, ಹುಮನಾಬಾದ್ ಎರಡೂ ನಿಜಾಮರ ರಾಜ್ಯಕ್ಕೆ ಸೇರಿದವು. ಅಲ್ಲಿ ಸುಂಕದ ಇಲಾಖೆಯ ಹೆಸರು ಕರೋಡಗಿರಿ. 1802ರಲ್ಲಿ ನಿಜಾಮರಿಗೂ ಈಸ್ಟ್ ಇಂಡಿಯಾ ಕಂಪನಿಗೂ ಆದ ವ್ಯಾಪಾರ ಒಪ್ಪಂದದಲ್ಲಿ ಮಾಲಿನ ಬೆಲೆಯ ಮೇಲೆ ಶೇ. 5 ಸುಂಕ ಅಂತ ಗೊತ್ತುಮಾಡಿದರು. ಎಲ್ಲಕ್ಕೂ ಒಂದೇ ದರ ಅಂದಮೇಲೆ ಸರಕಿನ ಹೆಸರಿಗಾಗಿ ಯಾರು ಜಗಳವಾಡುತ್ತಾರೆ? ಜಗಳ ಏನಿದ್ದರೂ ಬೆಲೆಯದ್ದು.

ದರಗಳು ಬೇರೆ ಬೇರೆಯಾದಾಗ ಹೆಸರಿನ ಜಗಳ ಮತ್ತೆ ಶುರು. ಇದಕ್ಕೆ ಟೈಲ್ಸಿಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಬಣ್ಣದ ಹೊಳಪಿನ ಹೆಂಚುಬಿಲ್ಲೆ ಬೀದರ ಸೀಮೆಗೆ ಹೊಸದೇನಲ್ಲ. 1472ರ ಮಹಮೂದ್ ಗವಾನನ ಮದರಸಾದ ಗೋಡೆಗಳ ಮೇಲೆ ಇವತ್ತಿಗೂ ಅದರ ಚೂರುಗಳು ಉಳಿದಿವೆ. ಆದರೆ ಮನೆಯ ನೆಲಕ್ಕೆ ಈ ಭಾಗದ ಜನ ಹಾಸುತ್ತಿದ್ದದ್ದು ಶಹಾಬಾದ್ ಕಲ್ಲು. ಈಗ ಆ ಜಾಗಕ್ಕೆ ಟೈಲ್ಸ್ ಬಂದಿದೆ.

ಕಸ್ಟಮ್ಸಿನವರ ಪುಸ್ತಕದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮನೆ. ಕಡಿದು ನಯಮಾಡಿದ ಕಲ್ಲು, ಸಿಮೆಂಟಿನ ಬಿಲ್ಲೆ 68ನೇ ಅಧ್ಯಾಯಕ್ಕೆ. ಮಣ್ಣಿಗೆ ಆಕಾರ ಕೊಟ್ಟು ಆಮೇಲೆ ಸುಟ್ಟಿದ್ದರೆ ಮಾತ್ರ 69ನೇ ಅಧ್ಯಾಯಕ್ಕೆ. ಅಂದರೆ ನಮ್ಮ ಕುಂಬಾರಣ್ಣನ ಮಡಕೆಯೂ ಹೊರದೇಶದ ಟೈಲ್ಸೂ ಒಂದೇ ಅಧ್ಯಾಯದ ನೆಂಟರು :) ಮೊದಲು ಹೊಳಪು ಲೇಪ ಇಲ್ಲದ ಟೈಲ್ಸು 6907, ಲೇಪ ಇದ್ದದ್ದು 6908 ಆಗಿತ್ತು. ಅದಾದರೂ ಕಣ್ಣಿಗೆ ಕಾಣುವ ವ್ಯತ್ಯಾಸ. 2017ರಲ್ಲಿ ಅಂತರರಾಷ್ಟ್ರೀಯ ಪಟ್ಟಿ ಬದಲಾಗಿ ಎರಡೂ 6907ರಲ್ಲಿ ಸೇರಿಹೋದವು. ಒಳಗಿನ ವಿಂಗಡಣೆ ಈಗ ಟೈಲ್ಸು ಎಷ್ಟು ನೀರು ಕುಡಿಯುತ್ತದೆ ಅನ್ನುವುದರ ಮೇಲೆ. ಶೇ. 0.5ರ ತನಕ ಒಂದು ಗುಂಪು, ಅಲ್ಲಿಂದ ಶೇ. 10ರ ತನಕ ಇನ್ನೊಂದು, ಅದಕ್ಕೂ ಹೆಚ್ಚಾದರೆ ಮತ್ತೊಂದು. ಒಣಗಿದ್ದಾಗ 10 ಕಿಲೋ ತೂಗಿದ್ದು ನೀರು ಹೀರಿದ ಮೇಲೆ 10 ಕಿಲೋ 50 ಗ್ರಾಂ ಆದರೆ ಅದು ಸರಿಯಾಗಿ ಶೇ. 0.5.

ಇಷ್ಟು ಸಣ್ಣ ಲೆಕ್ಕಕ್ಕೆ ಯಾಕೆ ಇಷ್ಟು ತಲೆಬಿಸಿ ಅಂತೀರಾ? ಅದೇ 2017ರಲ್ಲಿ ಭಾರತ ಸರ್ಕಾರ ಚೀನಾದ ವಿಟ್ರಿಫೈಡ್ ಟೈಲ್ಸಿನ ಮೇಲೆ ಆ್ಯಂಟಿ ಡಂಪಿಂಗ್ ಸುಂಕ ಹಾಕಿತು. ಶೇ. 3ಕ್ಕಿಂತ ಕಡಿಮೆ ನೀರು ಹೀರುವುದಕ್ಕೆ ಮಾತ್ರ. ನೀರಿನ ಒಂದೆರಡು ಹನಿಯ ಮೇಲೆ ಚದರ ಮೀಟರಿಗೆ ಇಷ್ಟು ಡಾಲರ್ ಅಂತ ಸುಂಕ ನಿಂತಿತು. ಬಂದರಿನಲ್ಲಿ ಕಟ್ಟಿದ್ದನ್ನು ಕೊನೆಗೆ ತೆರುವವರು ಸಾಲ ಮಾಡಿ ಮನೆ ಕಟ್ಟಿಸುವವರೇ ಅಲ್ಲವೇ?

2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ರಾಜ್ಯದ ಗಡಿಯ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದವು. ಸೋಲಾಪುರದಿಂದ ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಲಾರಿಯ ಜೊತೆ ಸಾಗುವುದು ಈಗ ಇ-ವೇ ಬಿಲ್. ಆದರೆ ವಿಂಗಡಣೆ ಎಲ್ಲೂ ಹೋಗಿಲ್ಲ. ಕಸ್ಟಮ್ಸಿನ ಅದೇ 6907 ಈಗ ಊರಿನ ಟೈಲ್ಸ್ ಅಂಗಡಿಯ ಬಿಲ್ಲಿನ ಎಚ್‌ಎಸ್‌ಎನ್ ಕಾಲಂನಲ್ಲಿ ಕೂತಿದೆ. ಶುರುವಿನಲ್ಲಿ ಶೇ. 28 ಇದ್ದ ತೆರಿಗೆ ಆ ವರ್ಷದ ನವೆಂಬರಿನಲ್ಲಿ ಶೇ. 18ಕ್ಕೆ ಇಳಿದದ್ದೂ ಈ ನಂಬರಿನ ಲೆಕ್ಕದಲ್ಲೇ.

ಹಿಂದಿನ ಕಾಲದ ಸುಂಕ ಹಗುರವಾಗಿತ್ತು, ಸುಂಕದವರೆಲ್ಲ ಒಳ್ಳೆಯವರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ಆದರೆ ಹೇರಿನ ಲೆಕ್ಕವನ್ನು ಕಲ್ಲಿನ ಮೇಲೆ ಕನ್ನಡದಲ್ಲಿ, ಊರವರ ಕಣ್ಣೆದುರು ಕೊರೆಸಿದ್ದರು. ಇವತ್ತು ಬಸವಕಲ್ಯಾಣದಲ್ಲಿ ಮನೆ ಕಟ್ಟಿಸುವವರಿಗೆ 6907 ಅಂದರೆ ಏನು ಅಂತ ಕನ್ನಡದಲ್ಲಿ ಹೇಳುವವರು ಯಾರು? ಹೆಜ್ಜುಂಕ, ಕಿರುಕುಳ, ಬಿಲ್ಕೊಡೆ ಅಂತ ಪದ ಕಟ್ಟಿದ ಭಾಷೆಗೆ ಇದು ಆಗದ ಕೆಲಸವೇನಲ್ಲ.

ನಿಮ್ಮೂರಿನ ಶಾಸನಗಳಲ್ಲಿ ಇಂಥ ಸುಂಕದ ಹೆಸರು ಕಂಡಿದ್ದರೆ ನೀವೂ ಬರೆಯಿರಿ. ಒಂದು ಪಟ್ಟಿ ಮಾಡೋಣ.