ರಾಮರಾಜ್ಯವೂ ರಾಗಿ ಬೀಸುವವರೂ

ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲವೆಂದು ನಮ್ಮ ಜನ ಬಹುಕಾಲದಿಂದ ಆಡಿಕೊಂಡು ಬಂದಿದ್ದಾರೆ. ಅರಸರ ಕಾಲಕ್ಕೆ ಇದು ತಕ್ಕ ಮಾತೇ. ಸಿಂಹಾಸನದ ಮೇಲೆ ಯಾರು ಕುಳಿತರೂ ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಅದರಿಂದ ಆಗುತ್ತಿದ್ದುದೇನೂ ಇಲ್ಲ. ಯಾರನ್ನು ಕೂರಿಸಬೇಕೆಂದು ಅವಳನ್ನು ಕೇಳಿದವರೂ ಇಲ್ಲ. ಆದರೆ ಪ್ರಜೆಯೇ ಪ್ರಭುವಾದ ಮೇಲೂ ಈ ಗಾದೆ ಸವೆಯದೆ ಉಳಿದಿದೆ. ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಕಾಫಿ ಹೋಟೆಲಿನಲ್ಲಿ ಯಾರಾದರೊಬ್ಬರು, “ಪಕ್ಷ ಬದಲಾದರೆ ಬಂದ ಭಾಗ್ಯವೇನು?” ಎಂದು ನಿಟ್ಟುಸಿರು ಬಿಡದೆ ಇರುವುದಿಲ್ಲ. ಈ ಪ್ರಶ್ನೆಗೆ ಉತ್ತರ ಬೇಕೆನ್ನುವವರು ನಮ್ಮ ನಾಡಿನ ಚರಿತ್ರೆಯ ಒಂದು ತಿಂಗಳಿಗೆ ಹಿಂದಿರುಗಬೇಕು. ಅದು ೧೯೮೩ರ ಜನವರಿ.

೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರು ಮೈಸೂರಿನ ಮುಖ್ಯಮಂತ್ರಿಯಾದಂದಿನಿಂದ ಮೂವತ್ತೈದು ವರ್ಷ ಇಲ್ಲಿ ಅಧಿಕಾರವು ಕಾಂಗ್ರೆಸ್ಸಿನ ಮನೆತನವನ್ನು ಬಿಟ್ಟು ಹೊರಗೆ ಹೋಗಿರಲಿಲ್ಲ. ಈ ನಡುವೆ ಕನ್ನಡ ನಾಡು ಒಂದಾಯಿತು, ಅದರ ಹೆಸರು ಕರ್ನಾಟಕವಾಯಿತು. ಆಳುವ ಪಕ್ಷವೇ ಒಡೆದು ಎರಡಾಯಿತು. ಎರಡು ಸಲ ರಾಷ್ಟ್ರಪತಿಗಳ ಆಡಳಿತ ಬಂದುಹೋಯಿತು. ಆದರೂ ಮನೆತನ ಅದೇ. ೧೯೭೭ರಲ್ಲಿ ಉತ್ತರ ಭಾರತವೆಲ್ಲ ಇಂದಿರಾ ಗಾಂಧಿಯವರನ್ನು ತಿರಸ್ಕರಿಸಿದಾಗಲೂ ಕರ್ನಾಟಕವು ತನ್ನ ೨೮ ಲೋಕಸಭಾ ಸ್ಥಾನಗಳಲ್ಲಿ ೨೬ನ್ನು ಅವರ ಪಕ್ಷಕ್ಕೇ ಒಪ್ಪಿಸಿತು.

ಹಾಗೆಂದು ಸರಕಾರ ಬದಲಾಗಲೇ ಇಲ್ಲವೆಂದಲ್ಲ. ೧೯೭೯ರಲ್ಲಿ ದೇವರಾಜ ಅರಸರು ಇಂದಿರಾ ಗಾಂಧಿಯವರಿಂದ ಬೇರೆಯಾದರು. ೧೯೮೦ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ ೨೮ರಲ್ಲಿ ೨೭ ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ದಕ್ಕಿದ್ದೇ ತಡ, ನಿನ್ನೆಯವರೆಗೆ ಅರಸರ ಹಿಂದೆ ನಿಂತಿದ್ದ ಶಾಸಕರು ಗುಂಪುಗುಂಪಾಗಿ ಆಚೆಯ ಪಾಳೆಯಕ್ಕೆ ನಡೆದರು. ಆರ್. ಗುಂಡೂರಾಯರು ಮುಖ್ಯಮಂತ್ರಿಯಾದರು. ಶಾಸನಸಭೆಗೆ ಒಂದು ಮತವೂ ಬೀಳದೆ ರಾಜ್ಯದ ಸರಕಾರ ಬದಲಾಗಿಹೋಗಿತ್ತು. ರಾಗಿ ಬೀಸುವವಳನ್ನು ಈ ಸಲವೂ ಯಾರೂ ಕೇಳಲಿಲ್ಲ.

ಮುಂದಿನ ಮೂರು ವರ್ಷ ನಾಡು ತನ್ನಷ್ಟಕ್ಕೆ ಲೆಕ್ಕ ಬರೆದಿಟ್ಟುಕೊಂಡಿತು. ೧೯೮೦ರ ಜುಲೈಯಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಸರಕಾರ ಹೇರಿದ ಕರದ ವಿರುದ್ಧ ಎದ್ದು ನಿಂತರು. ನರಗುಂದ, ನವಲಗುಂದಗಳಲ್ಲಿ ಗುಂಡು ಹಾರಿತು, ಜೀವಗಳು ಹೋದವು. ಆ ಕಿಚ್ಚಿನಿಂದ ರೈತ ಚಳವಳಿ ರಾಜ್ಯದ ಉದ್ದಗಲಕ್ಕೂ ಹಬ್ಬಿತು. ಅತ್ತ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಸಿಗಬೇಕೆಂದ ವಿ. ಕೃ. ಗೋಕಾಕ್ ಸಮಿತಿಯ ವರದಿ ಜಾರಿಗೆ ಬರಲೆಂದು ಸಾಹಿತಿಗಳು ಬೀದಿಗಿಳಿದರು, ೧೯೮೨ರಲ್ಲಿ ಡಾ. ರಾಜಕುಮಾರ್ ಅವರು ಮುಂದೆ ನಿಂತಾಗ ಅದು ಊರೂರಿನ ಚಳವಳಿಯಾಯಿತು. ಒಂದು ಹೊಲದ ಕೂಗು, ಇನ್ನೊಂದು ಪಾಠಶಾಲೆಯ ಕೂಗು. ಎರಡಕ್ಕೂ ಉತ್ತರವೆಲ್ಲ ದೆಹಲಿಯಲ್ಲೇ ಸಿದ್ಧವಾಗುತ್ತದೆಂಬ ಭಾವನೆ ಜನರಲ್ಲಿ ಬೆಳೆಯಿತು.

೧೯೮೩ರ ಜನವರಿ ೫ರಂದು ಮತದಾನವಾಯಿತು. ೨೨೪ ಸ್ಥಾನಗಳಲ್ಲಿ, ಕ್ರಾಂತಿರಂಗದೊಡನೆ ಕೂಡಿಕೊಂಡಿದ್ದ ಜನತಾ ಪಕ್ಷಕ್ಕೆ ೯೫, ಕಾಂಗ್ರೆಸ್ಸಿಗೆ ೮೨, ಭಾರತೀಯ ಜನತಾ ಪಕ್ಷಕ್ಕೆ ೧೮. ಮುಖ್ಯಮಂತ್ರಿ ಗುಂಡೂರಾಯರು ಸ್ವಂತ ಕ್ಷೇತ್ರ ಸೋಮವಾರಪೇಟೆಯಲ್ಲೇ ಸೋತರು. ನೆರೆಯ ಆಂಧ್ರದಲ್ಲಿ ಅದೇ ಹೊತ್ತಿನಲ್ಲಿ ಎನ್. ಟಿ. ರಾಮರಾಯರ ಹೊಸ ಪಕ್ಷವೂ ಕಾಂಗ್ರೆಸ್ಸನ್ನು ಕೆಳಗಿಳಿಸಿತು. ಆದರೆ ಅಲ್ಲಿಯದು ಮಹಾಪೂರ, ಇಲ್ಲಿಯದು ಅಂಥದಲ್ಲ. ಒಟ್ಟು ಮತಗಳನ್ನೆಣಿಸಿದರೆ ಸೋತ ಕಾಂಗ್ರೆಸ್ಸಿಗೇ ಜನತಾ ಪಕ್ಷಕ್ಕಿಂತ ಹೆಚ್ಚು ಬಿದ್ದಿದ್ದವು. ಜನವರಿ ೧೦ರಂದು ಪ್ರಮಾಣವಚನ ಸ್ವೀಕರಿಸಿದ ರಾಮಕೃಷ್ಣ ಹೆಗಡೆಯವರು ಆಗ ಶಾಸನಸಭೆಯ ಸದಸ್ಯರೂ ಆಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಬಂದರು. ಹೊರಗಿನವರ ಬೆಂಬಲವೇ ಸರಕಾರಕ್ಕೆ ಊರುಗೋಲು. ಹೆಗಡೆಯವರೇನು ಹೊಸಬರೇ? ನಿಜಲಿಂಗಪ್ಪನವರ ಕಾಲದಲ್ಲಿಯೇ ಮಂತ್ರಿಯಾಗಿದ್ದ ಹಳೆಯ ಕಾಂಗ್ರೆಸ್ಸಿಗರು. ಹೀಗೆ ನೋಡಿದರೆ, ಬದಲಾದುದು ಬಹಳವೇನಲ್ಲ ಎಂದು ಯಾರಾದರೂ ವಾದಿಸಬಹುದು.

ಆ ವಾದಕ್ಕೆ ಉತ್ತರ ಎರಡು ವರ್ಷಗಳ ಮೇಲೆ ದೊರೆಯಿತು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ೧೯೮೪ರ ಡಿಸೆಂಬರಿನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ ೨೮ರಲ್ಲಿ ೨೪ ಸ್ಥಾನ ಕಾಂಗ್ರೆಸ್ಸಿನ ಪಾಲಾದವು. ಐದು ವರ್ಷಗಳ ಹಿಂದೆ ಇಂಥದೇ ಫಲಿತಾಂಶ ಬಂದಾಗ ಶಾಸಕರು ಪಾಳೆಯ ಬದಲಿಸಿದ್ದರು. ಈ ಬಾರಿ ಹೆಗಡೆಯವರು ರಾಜೀನಾಮೆ ಕೊಟ್ಟು ಜನರ ಬಳಿಗೇ ಹೋದರು. ೧೯೮೫ರ ಮಾರ್ಚಿಯಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ ೧೩೯ ಸ್ಥಾನ ಕೊಟ್ಟರು. ಮೂರು ತಿಂಗಳೊಳಗೆ ಅದೇ ಬೆರಳು ದೆಹಲಿಗೊಂದು, ಬೆಂಗಳೂರಿಗೊಂದು ತೀರ್ಪನ್ನು ಬರೆಯಿತು. ಜನ ಮಂದೆಯಂತೆ ನಡೆಯುವರೆಂದು ತಿಳಿದಿದ್ದ ಪಂಡಿತರು ಬೆಪ್ಪಾದರು. ಬರಿಯ ಪಕ್ಷಾಂತರದಿಂದ ಬದಲಾಗುವ ಸರಕಾರಕ್ಕೂ ಮತದಿಂದ ಬದಲಾಗುವ ಸರಕಾರಕ್ಕೂ ಇರುವ ಅಂತರ ಇದೇ.

ಅದರಿಂದ ಫಲವೇನಾದರೂ ಬಂತೆ? ಬಂತು. ೧೯೮೪ರಲ್ಲಿ ಲೋಕಾಯುಕ್ತ ಕಾಯಿದೆಯಾಯಿತು. ಕೊಳವೆಬಾವಿ ಕೊರೆಸಿ ಜನರ ಬಾಯಲ್ಲಿ ‘ನೀರ್ ಸಾಬ್’ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರ ಶ್ರಮದಿಂದ ೧೯೮೭ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆದು, ನಾಲ್ಕರಲ್ಲೊಂದು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಬೀಸುವ ಕಲ್ಲಿನ ಮುಂದಿದ್ದವಳು ಮಂಡಲದ ಸಭೆಯಲ್ಲಿ ಕುರ್ಚಿಯ ಮೇಲೆ ಕುಳಿತಳು. ಗಾದೆಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನು ಮುಚ್ಚಿಡಬಾರದು. ಟೆಲಿಫೋನು ಕದ್ದಾಲಿಕೆಯ ಆರೋಪದ ನಡುವೆ ೧೯೮೮ರಲ್ಲಿ ಹೆಗಡೆಯವರು ಪದವಿ ಬಿಟ್ಟರು. ಅವರ ಹಿಂದೆ ಬಂದ ಎಸ್. ಆರ್. ಬೊಮ್ಮಾಯಿಯವರಿಗೆ ಬಹುಮತ ತೋರಿಸಲು ಸಭೆಯಲ್ಲಿ ಅವಕಾಶವನ್ನೇ ಕೊಡದೆ, ೧೯೮೯ರ ಏಪ್ರಿಲಿನಲ್ಲಿ ರಾಜ್ಯಪಾಲರ ವರದಿಯ ಮೇಲೆ ಸರಕಾರವನ್ನು ವಜಾ ಮಾಡಲಾಯಿತು. ಬಹುಮತ ಅಳೆಯಬೇಕಾದ ಸ್ಥಳ ರಾಜಭವನವಲ್ಲ, ಶಾಸನಸಭೆ ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ, ಬೊಮ್ಮಾಯಿಯವರ ಹೆಸರಿನಿಂದಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಪಕ್ಷಾಂತರವನ್ನು ತಡೆಯುವ ಕಾಯಿದೆ ೧೯೮೫ರಲ್ಲಿಯೇ ಬಂದಿತ್ತು. ಬಾಗಿಲು ಮುಚ್ಚಿದರೆ ಕಿಟಕಿಯಿದೆಯಲ್ಲ! ೨೦೧೯ರಲ್ಲಿ ಶಾಸಕರು ಸಾಲಾಗಿ ರಾಜೀನಾಮೆಯ ದಾರಿ ಹಿಡಿದರು. ಆ ಜುಲೈ ೨೩ರಂದು ಸಮ್ಮಿಶ್ರ ಸರಕಾರವು ೯೯ಕ್ಕೆ ೧೦೫ ಮತಗಳಿಂದ ಬಿದ್ದುಹೋಯಿತು. ೧೯೮೦ರ ಕಥೆ ಬೇರೆ ವೇಷದಲ್ಲಿ ರಂಗಕ್ಕೆ ಬಂದಿತ್ತು.

ಇಷ್ಟಾದರೂ ೧೯೮೩ರಲ್ಲಿ ಕಲಿತ ಪಾಠವನ್ನು ಕರ್ನಾಟಕದ ಮತದಾರನು ಮರೆತಿಲ್ಲ. ೧೯೮೫ರ ಬಳಿಕ ೨೦೨೩ರವರೆಗಿನ ಯಾವ ಚುನಾವಣೆಯಲ್ಲೂ ಆಳುತ್ತಿದ್ದ ಪಕ್ಷಕ್ಕೆ ಅವನು ಮತ್ತೆ ಬಹುಮತ ಕೊಟ್ಟಿಲ್ಲ. ಇದನ್ನು ಚಂಚಲತೆಯೆನ್ನುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಮನೆಯ ಬಾಡಿಗೆದಾರನಿಗೆ ಕರಾರಿನ ಅವಧಿಯನ್ನು ನೆನಪಿಸುವ ಯಜಮಾನನ ನಡೆ ಇದು. ಯಜಮಾನನು ಆರಿಸಿದ ಬಾಡಿಗೆದಾರರೆಲ್ಲ ಸಜ್ಜನರೇ ಆಗಿರುತ್ತಾರೆಂದಲ್ಲ. ಮನೆ ಯಾರದೆಂಬುದು ಮಾತ್ರ ಇಬ್ಬರಿಗೂ ನೆನಪಿರಬೇಕು. ಪಕ್ಷ ಬದಲಾದರೂ ರಾಗಿ ಬೀಸುವುದು ತಪ್ಪುವುದಿಲ್ಲ, ನಿಜ. ಆದರೆ ಬೀಸುವವರನ್ನು ಕೇಳಿ ಬದಲಾದ ರಾಜ್ಯ ಒಂದು, ಕೇಳದೆ ಬದಲಾದ ರಾಜ್ಯ ಇನ್ನೊಂದು. ಮುಂದಿನ ಸಲ ಸರಕಾರ ಬದಲಾದಾಗ ಕಾಫಿ ಹೋಟೆಲಿನಲ್ಲಿ ನಾವು ಕೇಳಬೇಕಾದ ಮೊದಲ ಪ್ರಶ್ನೆ, ಬದಲಾದುದು ಯಾವ ಪಕ್ಷವೆಂದಲ್ಲ, ಬದಲಾಯಿಸಿದವರು ಯಾರೆಂದು.