ಕ್ರಿಯಾವಿಧಾನ ಮತ್ತು ದರ ನಿಯಮದ ಹೊಂದಾಣಿಕೆ

ರಾಸಾಯನಿಕ ಕ್ರಿಯೆಯೊಂದು ಅಣುಗಳ ಮಟ್ಟದಲ್ಲಿ ಯಾವ ಹಂತಗಳ ಮೂಲಕ ನಡೆಯುತ್ತದೆ ಎಂಬ ವಿವರಣೆಯನ್ನು ಕ್ರಿಯಾವಿಧಾನ ಎನ್ನುತ್ತಾರೆ. ಕ್ರಿಯೆಯ ವೇಗವು ಪ್ರತಿವರ್ತಕಗಳ ಸಾರತೆಯನ್ನು ಹೇಗೆ ಅವಲಂಬಿಸಿದೆ ಎಂಬುದನ್ನು ತಿಳಿಸುವ, ಪ್ರಯೋಗದಿಂದ ಪಡೆದ ಸಮೀಕರಣವೇ ದರ ನಿಯಮ. ಊಹಿಸಿದ ಕ್ರಿಯಾವಿಧಾನದಿಂದ ಈ ನಿಯಮ ದೊರೆಯುತ್ತದೆಯೇ ಎಂದು ಪರಿಶೀಲಿಸುವುದು ರಾಸಾಯನಿಕ ಚಲನಶಾಸ್ತ್ರದ ಮೂಲಭೂತ ಪರೀಕ್ಷೆಗಳಲ್ಲಿ ಒಂದು. ಈ ಪರೀಕ್ಷೆ ತಪ್ಪು ಕ್ರಿಯಾವಿಧಾನವನ್ನು ತಳ್ಳಿಹಾಕಬಲ್ಲದು. ಆದರೆ ಹೊಂದಾಣಿಕೆಯೊಂದೇ ಯಾವುದೇ ಕ್ರಿಯಾವಿಧಾನವನ್ನು ಸಾಬೀತುಪಡಿಸಲಾರದು.

ಪರಿಶೀಲನೆಯ ಕ್ರಮ

* ಎಲ್ಲ ಹಂತಗಳನ್ನು ಕೂಡಿಸಿದಾಗ ಕ್ರಿಯೆಯ ಒಟ್ಟು ಸಮೀಕರಣ ದೊರೆಯಬೇಕು.
* ಪ್ರತಿಯೊಂದು ಪ್ರಾಥಮಿಕ ಹಂತದ ದರವನ್ನು ಅದರಲ್ಲಿ ಭಾಗವಹಿಸುವ ಕಣಗಳ ಸಂಖ್ಯೆಯಿಂದ ನೇರವಾಗಿ ಬರೆಯಬಹುದು. ಒಟ್ಟು ಸಮೀಕರಣಕ್ಕೆ ಈ ಕ್ರಮ ಅನ್ವಯಿಸುವುದಿಲ್ಲ.
* ಒಂದು ಹಂತವು ಉಳಿದವುಗಳಿಗಿಂತ ಬಹಳ ನಿಧಾನವಾಗಿದ್ದರೆ ಒಟ್ಟು ವೇಗವನ್ನು ಅದೇ ನಿರ್ಧರಿಸುತ್ತದೆ.
* ನಿಧಾನ ಹಂತದಲ್ಲಿ ಮಧ್ಯವರ್ತಿ ಕಣವಿದ್ದರೆ, ಅದರ ಸಾರತೆಯನ್ನು ಅದಕ್ಕೂ ಮುಂಚಿನ ಶೀಘ್ರ ಸಮತೋಲನದ ನೆರವಿನಿಂದ ಪ್ರತಿವರ್ತಕಗಳ ಸಾರತೆಯ ರೂಪಕ್ಕೆ ತರಬೇಕು.
* ಹೀಗೆ ದೊರೆತ ಘಾತಗಳು ಪ್ರಯೋಗದ ಘಾತಗಳಿಗೆ ಸರಿಹೊಂದಬೇಕು.

ಹೊಂದದ ಕ್ರಿಯಾವಿಧಾನ

ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ವರ್ತಿಸಿ ನೈಟ್ರಿಕ್ ಆಕ್ಸೈಡ್ ಹಾಗೂ ಕಾರ್ಬನ್ ಡೈಆಕ್ಸೈಡ್ ಉಂಟಾಗುತ್ತವೆ. ಎರಡು ಅಣುಗಳ ಒಂದೇ ಡಿಕ್ಕಿಯಲ್ಲಿ ಇದು ಮುಗಿಯುವುದಾದರೆ ಎರಡೂ ಅನಿಲಗಳ ಸಾರತೆ ವೇಗದ ಮೇಲೆ ಪರಿಣಾಮ ಬೀರಬೇಕು. ಆದರೆ ಸುಮಾರು 225 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪದಲ್ಲಿ ನೈಟ್ರೋಜನ್ ಡೈಆಕ್ಸೈಡ್‌ನ ಸಾರತೆ ಇಮ್ಮಡಿಯಾದರೆ ವೇಗ 4 ಪಟ್ಟಾಗುತ್ತದೆ; ಕಾರ್ಬನ್ ಮಾನಾಕ್ಸೈಡ್ ಇಮ್ಮಡಿಯಾದರೆ ವೇಗ ಬದಲಾಗುವುದಿಲ್ಲ. ಹೀಗಾಗಿ ಏಕ ಹಂತದ ಕಲ್ಪನೆ ಬಿದ್ದುಹೋಗುತ್ತದೆ. ಮೊದಲು ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ನಿಧಾನವಾಗಿ ವರ್ತಿಸಿ ನೈಟ್ರಿಕ್ ಆಕ್ಸೈಡ್ ಮತ್ತು ನೈಟ್ರೋಜನ್ ಟ್ರೈಆಕ್ಸೈಡ್ ಆಗುತ್ತವೆ, ಬಳಿಕ ಈ ಟ್ರೈಆಕ್ಸೈಡ್ ಕಾರ್ಬನ್ ಮಾನಾಕ್ಸೈಡ್‌ನೊಡನೆ ಬೇಗನೆ ವರ್ತಿಸುತ್ತದೆ ಎಂಬ ಎರಡು ಹಂತಗಳ ವಿಧಾನ ಹೊಂದುತ್ತದೆ.

ಪರೀಕ್ಷೆಯ ಮಿತಿ

ಹೈಡ್ರೋಜನ್ ಮತ್ತು ಅಯೋಡಿನ್ ಅನಿಲಗಳಿಂದ ಹೈಡ್ರೋಜನ್ ಅಯೊಡೈಡ್ ಉಂಟಾಗುವ ಕ್ರಿಯೆಯನ್ನು ಜರ್ಮನಿಯ ಮ್ಯಾಕ್ಸ್ ಬೋಡೆನ್‌ಸ್ಟೈನ್ 1890ರ ದಶಕದಲ್ಲಿ ಅಧ್ಯಯನ ಮಾಡಿದರು. ಇದರ ದರವು ಎರಡೂ ಪ್ರತಿವರ್ತಕಗಳ ಸಾರತೆಗಳ ಗುಣಲಬ್ಧಕ್ಕೆ ಅನುಪಾತದಲ್ಲಿದೆ. ಎರಡು ಅಣುಗಳ ನೇರ ಡಿಕ್ಕಿಯಿಂದಲೂ ಇದೇ ನಿಯಮ ಬರುವುದರಿಂದ, ಕ್ರಿಯೆ ಒಂದೇ ಹಂತದಲ್ಲಿ ನಡೆಯುತ್ತದೆ ಎಂದು ದಶಕಗಳ ಕಾಲ ನಂಬಲಾಗಿತ್ತು.

ಆದರೆ ಅಯೋಡಿನ್ ಅಣು ಎರಡು ಪರಮಾಣುಗಳಾಗಿ ಒಡೆದು ಶೀಘ್ರ ಸಮತೋಲನಕ್ಕೆ ಬರುತ್ತದೆ, ಬಳಿಕ ಆ ಪರಮಾಣುಗಳು ಹೈಡ್ರೋಜನ್ ಅಣುವಿನೊಡನೆ ನಿಧಾನವಾಗಿ ವರ್ತಿಸುತ್ತವೆ ಎಂದುಕೊಂಡರೂ ಫಲಿತಾಂಶ ಅದೇ. ಸಮತೋಲನದಲ್ಲಿ ಅಯೋಡಿನ್ ಪರಮಾಣುಗಳ ಸಾರತೆಯ ವರ್ಗವು ಅಯೋಡಿನ್ ಅಣುಗಳ ಸಾರತೆಗೆ ಅನುಪಾತದಲ್ಲಿರುವುದೇ ಇದಕ್ಕೆ ಕಾರಣ. 1967ರಲ್ಲಿ ಜಾನ್ ಸುಲಿವನ್ ಬೆಳಕಿನಿಂದ ಅಯೋಡಿನ್ ಪರಮಾಣುಗಳನ್ನು ಹೆಚ್ಚಿಸಿ ನೋಡಿದಾಗ, ವೇಗವು ಪರಮಾಣುಗಳ ಸಾರತೆಯ ವರ್ಗದಂತೆ ಏರಿತು. ಇದು ಏಕ ಹಂತದ ವಿವರಣೆಯನ್ನು ಅಲುಗಾಡಿಸಿತು. ದರ ನಿಯಮವೊಂದರಿಂದಲೇ ಬಗೆಹರಿಯದ ಪ್ರಶ್ನೆಗೆ ಹೀಗೆ ಬೇರೊಂದು ಬಗೆಯ ಪ್ರಯೋಗ ಬೇಕಾಯಿತು.