ಅರೆತಲೆನೋವಿನ ಅಧ್ಯಯನ: ಕರ್ನಾಟಕದ ಲೆಕ್ಕ

ಅರೆತಲೆನೋವು ಅಥವಾ ಮೈಗ್ರೇನ್, ಮರುಕಳಿಸುವ ಒಂದು ನರರೋಗ. ನೋವು ಹೆಚ್ಚಾಗಿ ತಲೆಯ ಒಂದೇ ಪಕ್ಕದಲ್ಲಿ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ಬೆಳಕು, ಸದ್ದು ಎರಡೂ ಬೇಡವಾಗುತ್ತವೆ. ಚಿಕಿತ್ಸೆ ಮಾಡದಿದ್ದರೆ 4ರಿಂದ 72 ಗಂಟೆ ಕಾಡುವುದುಂಟು. ಸುಶ್ರುತ ಇದನ್ನು ಅರ್ಧಾವಭೇದಕ ಎಂದ. ಗ್ರೀಕರ ಹೆಮಿಕ್ರೇನಿಯಾ ಫ್ರೆಂಚರ ಬಾಯಲ್ಲಿ ಸವೆದು ಮೈಗ್ರೇನ್ ಆಯಿತು. ಹಾಗಾಗಿ ಮೂರು ಹೆಸರಿನಲ್ಲೂ ಇರುವುದು ಅದೇ ‘ಅರ್ಧ’.

ಇಷ್ಟು ಹಳೆಯ ರೋಗವಾದರೂ ನಮ್ಮಲ್ಲಿ ಅದನ್ನು ಎಣಿಸುವ ಗೋಜಿಗೆ ಬಹುಕಾಲ ಯಾರೂ ಹೋಗಲಿಲ್ಲ. ತಲೆನೋವೆಂದರೆ ಹಣೆಗೆ ಶುಂಠಿ ಅರೆದು ಹಚ್ಚಿ, ತಲೆಗೆ ಬಟ್ಟೆ ಬಿಗಿದು, ಕತ್ತಲ ಕೋಣೆಯಲ್ಲಿ ಮಲಗುವ ಸಂಗತಿ. 1893ರಲ್ಲಿ ಮುಂಬಯಿಯಲ್ಲಿ ಶುರುವಾದ ಅಮೃತಾಂಜನದ ಪುಟ್ಟ ಸೀಸೆ ಮನೆಮನೆಯ ಗೂಡಿಗೆ ಬಂದಿದ್ದೂ ಇದೇ ನೋವಿನ ದೆಸೆಯಿಂದ. ಆಸ್ಪತ್ರೆಯ ಮೆಟ್ಟಿಲು ಹತ್ತದ ರೋಗ ಆಸ್ಪತ್ರೆಯ ದಾಖಲೆಯಲ್ಲಿ ಸಿಗುವುದಾದರೂ ಹೇಗೆ?

ಆ ಲೆಕ್ಕಕ್ಕೆ ಕೈಹಾಕಿದ್ದು ಬೆಂಗಳೂರಿನ ನಿಮ್ಹಾನ್ಸ್. ಸಾಂಕ್ರಾಮಿಕಶಾಸ್ತ್ರಜ್ಞ ಜಿ. ಗುರುರಾಜ್, ನರತಜ್ಞ ಗಿರೀಶ್ ಬಾಬುರಾವ್ ಕುಲಕರ್ಣಿ, ಗಿರೀಶ್ ಎನ್. ರಾವ್ ಮೊದಲಾದವರ ಜೊತೆ, ತಲೆನೋವಿನ ವಿರುದ್ಧದ ಜಾಗತಿಕ ಅಭಿಯಾನದ ತಿಮೋತಿ ಸ್ಟೈನರ್ ಮತ್ತು ನಾರ್ವೆಯ ಲಾರ್ಸ್ ಯಾಕೋಬ್ ಸ್ಟೋವ್ನರ್ ಸೇರಿದರು. ಕೆಲಸದ ರೀತಿ ಸರಳ, ಶ್ರಮ ದೊಡ್ಡದು. ತರಬೇತಿ ಪಡೆದ ಸಾಮಾನ್ಯ ಸಂದರ್ಶಕರು ಮುಂಚೆ ಹೇಳಿಕಳಿಸದೆಯೇ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ ಮನೆಬಾಗಿಲಿಗೆ ಹೋದರು. ಮೊದಲ ಪ್ರಶ್ನೆ ಒಂದೇ: ಕಳೆದ ಒಂದು ವರ್ಷದಲ್ಲಿ ತಲೆನೋವು ಬಂದಿತ್ತೆ? ಹೌದೆಂದವರಿಗೆ ಮಾತ್ರ ಉಳಿದ ಪ್ರಶ್ನೆಗಳು. 2,714 ಮನೆ ಸುತ್ತಿ, ಪರಸ್ಪರ ರಕ್ತಸಂಬಂಧವಿಲ್ಲದ 2,329 ಮಂದಿಯನ್ನು ಮಾತನಾಡಿಸಿದರು.

ಪ್ರಶ್ನಾವಳಿ ನಂಬಲರ್ಹವೇ ಎಂದು ನೋಡಲು 381 ಮಂದಿಯನ್ನು ನರತಜ್ಞರು ಮತ್ತೆ ಖುದ್ದಾಗಿ ವಿಚಾರಿಸಿದರು. ತಲೆನೋವು ಇದೆಯೇ ಇಲ್ಲವೇ ಎಂಬಲ್ಲಿ ಪ್ರಶ್ನಾವಳಿಯ ಮತ್ತು ನರತಜ್ಞರ ತೀರ್ಮಾನ ಚೆನ್ನಾಗಿಯೇ ಕೂಡಿಬಂತು. ಆದರೆ ಅದು ಅರೆತಲೆನೋವೋ, ತಲೆಗೆ ಪಟ್ಟಿ ಬಿಗಿದಂತಾಗುವ ಬಿಗಿತದ ತಲೆನೋವೋ ಎಂದು ಬಿಡಿಸುವಲ್ಲಿ ಹೊಂದಾಣಿಕೆ ಸಾಧಾರಣವಾಗಿತ್ತು. ಇದನ್ನು ಮುಚ್ಚಿಡದೆ 2012ರಲ್ಲೇ ಪ್ರಕಟಿಸಿದ್ದು ಈ ತಂಡದ ದೊಡ್ಡತನ.

ಫಲಿತಾಂಶ 2015ರಲ್ಲಿ ಬಂತು. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಕಂಡವರು ಶೇ. 63.9. ಸರಿಹೊಂದಿಸಿದ ಲೆಕ್ಕದಲ್ಲಿ ಬಿಗಿತದ ತಲೆನೋವು ಶೇ. 35.1, ಅರೆತಲೆನೋವು ಶೇ. 25.2, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಹೆಂಗಸರಲ್ಲಿ ಅದು ಹೆಚ್ಚು ಎಂಬುದು ಲೋಕಕ್ಕೆಲ್ಲ ಗೊತ್ತಿದ್ದದ್ದೇ. ಹುಬ್ಬೇರಿಸಿದ್ದು ಬೇರೆಯೇ ಒಂದು ಅಂಶ: ಅರೆತಲೆನೋವು ಪೇಟೆಗಿಂತ ಹಳ್ಳಿಯಲ್ಲಿ ಜಾಸ್ತಿ. ಟ್ರಾಫಿಕ್ಕು, ಕಂಪ್ಯೂಟರು, ಆಫೀಸಿನ ಒತ್ತಡಗಳೇ ತಲೆನೋವಿನ ತವರು ಎಂದು ಹೇಳಿಕೊಂಡು ಬಂದ ನಗರದವರಿಗೆ ಇದು ರುಚಿಸುವ ಸುದ್ದಿಯಲ್ಲ. ಇನ್ನು, ಮಾತ್ರೆ ಅತಿಯಾಗಿ ನುಂಗಿದ್ದರಿಂದಲೇ ಹುಟ್ಟಿರಬಹುದಾದ ತಲೆನೋವು ಶೇ. 1.2 ಮಂದಿಯಲ್ಲಿ ಕಂಡಿತು. ನೋವು ಕಳೆಯಲೆಂದು ತಿಂದ ಗುಳಿಗೆಯೇ, ದಿನವೂ ತಿಂದರೆ, ನೋವನ್ನು ಬೇರೂರಿಸುತ್ತದೆ.

ನಮ್ಮ ಬದುಕಿಗೆ ಹತ್ತಿರದ ಇನ್ನೊಂದು ಅಧ್ಯಯನ ಮುಂಬಯಿಯ ನರತಜ್ಞ ಕೆ. ರವಿಶಂಕರ್ ಅವರದು. ತಲೆಗೆ ನೀರು ಹಾಕಿಕೊಂಡ ದಿನ ತಲೆನೋವು ತಪ್ಪದು ಎಂದು ಹೆಂಗಸರು ಹೇಳುವುದನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆ ಮಾತನ್ನೇ ಅವರು ರೋಗದ ಸುಳಿವೆಂದು ಹಿಡಿದು, ತಲೆಸ್ನಾನದಿಂದ ಅರೆತಲೆನೋವು ಕೆರಳುವ 94 ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಮೂರ್ಛೆರೋಗ ಇದಲ್ಲ, ಅದು ಬೇರೆ; ಬೆಂಗಳೂರಿನ ಕೆ. ಎಸ್. ಮಣಿ 1960ರ ದಶಕದಲ್ಲೇ ಅದರ ಬಗ್ಗೆ ಬರೆದಿದ್ದರು.

ಔಷಧದ ಕಥೆ ಹೊರದೇಶದ್ದು. ಅರೆತಲೆನೋವಿನ ಮದ್ದು ಸುಮಾಟ್ರಿಪ್ಟಾನ್ 1991ರಲ್ಲಿ ಬಂತು. ಈ ನೋವಿನಲ್ಲಿ ಸಿಜಿಆರ್‌ಪಿ ಎಂಬ ನರಪೆಪ್ಟೈಡಿನ ಪಾತ್ರ ತಿಳಿದ ಮೇಲೆ ಅದನ್ನು ತಡೆಯುವ ಮದ್ದುಗಳು ಹುಟ್ಟಿದವು. ಆ ಹಾದಿ ತೆರೆದ ಎಡ್ವಿನ್‌ಸನ್, ಗೋಡ್ಸ್‌ಬಿ, ಮಾಸ್ಕೊವಿಟ್ಸ್, ಓಲೆಸೆನ್ ನಾಲ್ವರಿಗೂ 2021ರ ಬ್ರೇನ್ ಪ್ರಶಸ್ತಿ ಸಂದಿತು.

ನಿಮ್ಹಾನ್ಸ್ ವರದಿಯ ತಲೆಬರಹದಲ್ಲಿ ಕರ್ನಾಟಕ ರಾಜ್ಯ ಎಂದೇ ಇದೆ. ಆದರೆ ಎಣಿಸಿದ ಮನೆಗಳೆಲ್ಲ ಇರುವುದು ಬೆಂಗಳೂರಿನಲ್ಲಿ ಮತ್ತು ಅದರ ಆಸುಪಾಸಿನಲ್ಲಿ. ಬೀದರಿನ ಬಿಸಿಲಾಗಲಿ, ಕರಾವಳಿಯ ಸೆಕೆಯಾಗಲಿ, ಮಲೆನಾಡಿನ ಮಳೆಯಾಗಲಿ ಆ 2,329ರಲ್ಲಿ ಸೇರಿಲ್ಲ.